ಒಂದೊಂದು ಸೇರು

ಚೀಟಿ ತಂದು ಫ್ರಿಜ್ಜಿಗೆ ಅಂಟಿಸಿದಳು ಪಂಪಾವತಿ.
ಇಮಾಮ್ ಸರ್ ಕೈಬರಹ, ಇರುವೆ ಸಾಲಿನಂಥದು:
ದಿನಕ್ಕೆ ಎಂಬತ್ತು ಗ್ರಾಂ ಪ್ರೋಟೀನು.
ಕೆಳಗೆ ‘ಮೊಟ್ಟೆ ಆರು’ ಅಂತಿತ್ತು.
ಅದನ್ನು ಹೊಡೆದುಹಾಕಿ ಮಗಳು ಪಕ್ಕದಲ್ಲಿ ಬರೆದದ್ದು: ಕಾಳು.
ಯಾವುದು, ಎಷ್ಟು, ಹೆಂಗ, ಬರೆದಿರಲಿಲ್ಲ.

ಅವರವ್ವ ತಂಗಿಯ ಬಾಣಂತನಕ್ಕೆ
ಸಿರುಗುಪ್ಪಕ್ಕೆ ಹೋಗಿ ಹನ್ನೊಂದು ದಿನ.
ಅಷ್ಟೂ ದಿನ ನಾವಿಬ್ಬರು ತಿಂದದ್ದು
ಒಗ್ಗರಣಿ, ಮಿರ್ಚಿ, ಮತ್ತೆ ಒಗ್ಗರಣಿ.
ಆ ಹೊಟ್ಟೆಯಲ್ಲೇ ಅರವತ್ತು ಕಿಲೋ ಎತ್ತಿದ್ದಾಳೆ,
ಎತ್ತಿ, ಮೊಣಕಾಲು ನಡುಗಿ, ಬಿಟ್ಟಿದ್ದಾಳೆ.
ಕಬ್ಬಿಣ ಬಿದ್ದ ಸದ್ದು ನಾನು ಕೇಳಿಲ್ಲ,
ಸರ್ ಫೋನಿನಲ್ಲಿ ಹೇಳಿದ್ದು.

ನಾನು ಕೌಲ್ ಬಜಾರಿನಲ್ಲಿ ಜೀನ್ಸ್ ಕಟಿಂಗ್ ಮಾಸ್ತರ.
ನಲವತ್ತು ಪದರ ಒಮ್ಮೆಗೇ ಕೊಯ್ಯುತ್ತೇನೆ, ಗೆರೆ ತಪ್ಪಿದ್ದಿಲ್ಲ.
ಅಳತೆಯನ್ನು ನನಗೇ ಹೇಳಿಕೊಡುತ್ತೀರಾ ಅನ್ನುವ ಸೊಕ್ಕು.
ಅದೇ ಸೊಕ್ಕಿನಲ್ಲಿ ರಾತ್ರಿ ಡಬ್ಬಿ ಇಳಿಸಿದೆ:
ಹುರುಳಿ, ಮಡಿಕೆ, ಅಲಸಂದಿ, ಕರಿ ಕಡ್ಲಿ,
ಯಾವತ್ತೋ ತಂದು ಮರೆತ ರಾಜ್ಮಾ.
ಒಂದೊಂದು ಸೇರು.
ನೀರು ಸುರಿದು ಮಲಗಿದೆ.

ಎದ್ದು ನೋಡಿದರೆ ಬೋಗುಣಿ ಸಾಲದೆ
ಕಾಳು ನೆಲಕ್ಕೆ ಇಳಿದಿವೆ,
ಅಲಸಂದಿಯೊಂದು ಗ್ಯಾಸಿನ ಸಿಲಿಂಡರ್ ತನಕ ಹೋಗಿ ಕೂತಿದೆ.
ಬಟ್ಟೆ ನೆನೆಸಿದರೆ ಕುಗ್ಗುತ್ತದೆ.
ಇಪ್ಪತ್ತಾರು ವರ್ಷ ಅದನ್ನೇ ನೋಡಿದವನಿಗೆ
ಕಾಳು ಹಿಗ್ಗುತ್ತದೆ ಅನ್ನುವುದು ಹೊಳೆದಿರಲಿಲ್ಲ.

ರಾಜ್ಮಾ ಮಾತ್ರ ಹಟ ಬಿಡಲಿಲ್ಲ.
ಬಳ್ಳಾರಿ ಗುಡ್ಡ ನೆನೆಸಿಟ್ಟಿದ್ದರೂ
ಇಷ್ಟೊತ್ತಿಗೆ ಮೆತ್ತಗಾಗುತ್ತಿತ್ತು.
ಐದು ಸೀಟಿ, ಏಳು, ಹತ್ತು.
ಪಕ್ಕದ ಹುಲಿಗೆಮ್ಮ ಕಿಟಕಿಯಿಂದ,
‘ಯಾವೂರಿಗೆ ಹೊಂಟೈತ್ರಿ ಮಾಸ್ತರ, ರೈಲು?’

ಉಳ್ಳಾಗಡ್ಡಿ ಹೆಚ್ಚಿದೆ.
ಒಂದು ಹೋಳಿನ ಹಾಗೆ ಇನ್ನೊಂದಿಲ್ಲ;
ಅಂಗಡಿಯವರು ಯಾರೂ ನೋಡಲಿಲ್ಲ, ಪುಣ್ಯ.
ಬೆಳ್ಳುಳ್ಳಿ ಸಿಪ್ಪೆ ಸಮೇತ ಜಜ್ಜಿದೆ.
ಬ್ಯಾಡಗಿ ಬಣ್ಣಕ್ಕ, ಗುಂಟೂರು ಖಾರಕ್ಕ
ಅಂತ ಉಮಾ ಯಾವಾಗಲೂ ಅನ್ನುತ್ತಾಳೆ,
ಯಾವ ಡಬ್ಬಿಯಲ್ಲಿ ಯಾವುದು ಅಂತ ಹೇಳಿಲ್ಲ.
ಎರಡರಿಂದಲೂ ಮೂರು ಮೂರು ಚಮಚ.
ಘಾಟಿಗೆ ಬೆಕ್ಕು ಮನೆ ಬಿಟ್ಟಿತು.
ಟೊಮ್ಯಾಟೊ ಕರಗಿ, ಶೇಂಗಾ ಪುಡಿ, ಗುರೆಳ್ಳು ಪುಡಿ ಬಿದ್ದ ಮೇಲೆ
ಲೊಚಕ್, ಲೊಚಕ್ ಅಂತ ದಪ್ಪಗೆ ಕುದಿಯಿತು.
ಕೆಂಪು ಕೆಸರಲ್ಲಿ ಹೂತ ಅದಿರಿನ ಲಾರಿಯ ಹಾಗೆ
ಸೌಟು ತಿರುಗಲೊಲ್ಲದು.

ಸಂಜೆ ಬಂದಳು. ಅಂಗೈ ತುಂಬ ಚಾಕಿನ ಬಿಳಿ,
ಬೊಬ್ಬೆ ಒಡೆದ ಗುರುತು.
ನನ್ನ ಬೆರಳು ಎಂದಿನಂತೆ ನೀಲಿ.
ಸಜ್ಜೆ ರೊಟ್ಟಿ ಮುರಿದಳು, ಅದ್ದಿದಳು, ಅಗಿದಳು,
ಅಗಿಯುತ್ತಲೇ ಇದ್ದಳು.
ನಾನು ನಿಂತೇ ಇದ್ದೆ,
ಭಾರ ಎತ್ತಿದವರು ತೀರ್ಪಿನ ದೀಪಕ್ಕೆ ಕಾದ ಹಾಗೆ.
‘ಅಪ್ಪಾ, ಉಪ್ಪು?’

ಉಪ್ಪು ಬಿತ್ತು. ಎರಡನೇ ರೊಟ್ಟಿ, ಮೂರನೇದು,
ಆಮೇಲೆ ರೊಟ್ಟಿ ಬಿಟ್ಟು ಬರೀ ಬಟ್ಟಲು.
ಆದರೂ ಬೋಗುಣಿ ಇನ್ನೂ ಮುಕ್ಕಾಲು ತುಂಬಿತ್ತು.
‘ನಾಳಿಗೆ ಹಳಸ್ತತಿ’ ಅಂದೆ.
ಅವಳು ಕಾಲು ಅಗಲಿಸಿ, ಬೆನ್ನು ನೆಟ್ಟಗೆ ಮಾಡಿ,
ಉಸಿರು ಹಿಡಿದು
ಬೋಗುಣಿಯ ಎರಡೂ ಕಿವಿಗೆ ಕೈಹಾಕಿದಳು.

ಹುಲಿಗೆಮ್ಮನ ಮನೆ ಮೊದಲು,
ಕಟ್ಟೆಯ ಮೇಲೆ ಗುಂಡಿ ಹಚ್ಚುವ ಹೆಣ್ಣುಮಕ್ಕಳು,
ಇಸ್ತ್ರಿಯ ಕಾಸೀಮ, ಅವನ ಮೂರು ಹುಡುಗರು.
ಖಾರಕ್ಕೆ ಬೈದರು,
ಬೈಯುತ್ತಲೇ ಮತ್ತೆ ಬಟ್ಟಲು ಚಾಚಿದರು.
ಓಣಿಯ ಕೊನೆಯವರೆಗೂ ಮೊಣಕಾಲು ನಡುಗಲಿಲ್ಲ.
ಇದನ್ನು ಯಾರೂ ಫೋನಿನಲ್ಲಿ ಹೇಳಿದ್ದಲ್ಲ.

ಹತ್ತಕ್ಕೆ ಉಮಾ ಫೋನು.
‘ಏನ್ ಮಾಡಿದ್ರಿ ಊಟಕ್ಕ?’
‘ಕಾಳು.’
‘ಯಾವ ಕಾಳು?’
‘ಎಲ್ಲಾ.’
ಆ ಕಡೆ ಒಂದು ಗಳಿಗೆ ಸದ್ದಿಲ್ಲ.
‘ಎಷ್ಟೆಷ್ಟು ನೆನಸಿದ್ರಿ?’
ಕೂಸು ಹೆಂಗೈತಿ ಅಂತ ಕೇಳಿದೆ.